ಹೊಳೆಯ ಕೆಳದಂಡೆಯಲ್ಲಿ ನಿಂತು ನೋಡಿದರೆ

ಶಾಲಾ ಮಕ್ಕಳಿಗೆ ‘ಸಂಘರ್ಷ’ ಎಂಬ ವಿಷಯ ಕೊಟ್ಟು ಚಿತ್ರ ಬರೆಯಲು ಹೇಳಿದರೆ ಏನು ಬರುತ್ತದೆ ಎಂಬುದನ್ನು ಹೆಚ್ಚುಕಡಿಮೆ ಮೊದಲೇ ಹೇಳಿಬಿಡಬಹುದು. ಹಾಳೆಯ ನಡುವೆ ಒಂದು ಗೆರೆ. ಆಚೆ ಒಂದು ಟ್ಯಾಂಕು, ಈಚೆ ಒಂದು ಟ್ಯಾಂಕು, ಮೇಲೆ ವಿಮಾನ, ಕೆಳಗೆ ಕೆಂಪು ಬಣ್ಣದ ಮಡು, ಮೂಲೆಯಲ್ಲಿ ಎಲೆ ಕಚ್ಚಿಕೊಂಡ ಬಿಳಿ ಪಾರಿವಾಳ. ಸ್ವಲ್ಪ ಜಾಣ ಹುಡುಗನಾದರೆ ಭೂಗೋಳವನ್ನೇ ಎರಡು ಹೋಳು ಮಾಡಿ ನಡುವೆ ಬೆಂಕಿ ಹಚ್ಚಿರುತ್ತಾನೆ. ಸ್ಪರ್ಧೆಯಾದರೆ ಬಹುಮಾನ ಬರುವುದೂ ಇದಕ್ಕೇ.

ಈ ಚಿತ್ರಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಮಕ್ಕಳ ಕೈ ಚೆನ್ನಾಗಿಯೇ ಓಡಿರುತ್ತದೆ. ನನ್ನ ತಕರಾರು ಬೇರೆ. ಈ ಚಿತ್ರ ಬರೆದವರು ಎಲ್ಲಿ ನಿಂತು ನೋಡುತ್ತಿದ್ದಾರೆ? ಆಕಾಶದಲ್ಲೆಲ್ಲೋ ಇರಬೇಕು. ಅಲ್ಲಿಂದ ಟ್ಯಾಂಕು ಕಾಣುತ್ತದೆ, ಮನುಷ್ಯರು ಕಾಣುವುದಿಲ್ಲ. ಜಗಳ ಯಾಕೆ ಹುಟ್ಟಿತು ಎಂಬುದಂತೂ ಕಾಣುವುದೇ ಇಲ್ಲ. ಸಂಘರ್ಷ ಕುರಿತ ಯಾವುದೇ ಕಲಾಕೃತಿಯನ್ನು ಓದುವಾಗ ಮೊದಲು ಕೇಳಬೇಕಾದದ್ದು ಇದನ್ನೇ ಎಂದು ನನಗೆ ಈಗೀಗ ಅನ್ನಿಸುತ್ತಿದೆ: ಕಲಾವಿದ ನಿಂತ ಜಾಗ ಯಾವುದು, ಅವನು ಆರಿಸಿಕೊಂಡ ಕ್ಷಣ ಯಾವುದು?

ಇದು ಹೊಳೆದದ್ದು ಪುಸ್ತಕ ಓದಿ ಅಲ್ಲ. ಬಾದಾಮಿಯಿಂದ ಐದು ಕಿಲೋಮೀಟರ್ ದೂರದ ಬನಶಂಕರಿಯ ಆಸುಪಾಸಿನ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಯವರಿಗಾಗಿ ‘ಸಂಘರ್ಷ’ ಎಂಬ ಆರು ವಾರಗಳ ಚಿತ್ರಕಲಾ ಯೋಜನೆಯನ್ನು ರೂಪಿಸುವಾಗ ಅಲ್ಲಿನ ಡ್ರಾಯಿಂಗ್ ಮಾಸ್ತರರ ಜೊತೆ ನಾನೂ ಕೈಜೋಡಿಸಿದ್ದೆ. ಮಾಸ್ತರರ ಕೈಯಲ್ಲಿ ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಒಂದು ಮಾದರಿ ಇತ್ತು. ಮೊದಲ ಪುಟದಲ್ಲಿ ಪಿಕಾಸೋನ ‘ಗೆರ್ನಿಕಾ’, ಆಮೇಲೆ ಕೆಲವು ಪದಗಳ ಪಟ್ಟಿ, ಆಮೇಲೆ ಕಚ್ಚಾ ಚಿತ್ರಗಳು, ಕೊನೆಗೆ ದೊಡ್ಡ ಹಾಳೆಯ ಮೇಲೆ ಅಂತಿಮ ಚಿತ್ರ. ಮಾದರಿ ಕೆಟ್ಟದ್ದೇನಲ್ಲ. ಆದರೆ ಅದನ್ನು ಹಾಗೇ ಅನುಸರಿಸಿದರೆ ಸಂಘರ್ಷ ಎಂದರೆ ಸ್ಪೇನಿನಲ್ಲಿ ನಡೆದದ್ದು, ಗಡಿಯಲ್ಲಿ ನಡೆಯುವಂಥದ್ದು, ಒಟ್ಟಿನಲ್ಲಿ ಬೇರೆಲ್ಲೋ ಇರುವಂಥದ್ದು ಎಂದಾಗಿಬಿಡುತ್ತದೆ. ಹದಿನಾಲ್ಕು ಶತಮಾನಗಳಿಂದ ಕಾದಾಟವನ್ನೇ ಕಲ್ಲಿನಲ್ಲಿ ಕಡೆದಿಟ್ಟ ಊರಿನ ಮಕ್ಕಳಿಗೆ ಹೀಗಾಗಬಾರದು. ಹಾಗಾಗಿ ನಾವು ಪಟ್ಟಿಯನ್ನು ತಿರುಗಿಸಿ ಹಿಡಿದೆವು. ಬಾದಾಮಿ ಮೊದಲು, ಗೆರ್ನಿಕಾ ಕೊನೆಗೆ.

ಮೊದಲ ವಾರ ಚಿತ್ರವೇ ಇರಲಿಲ್ಲ, ಬರೀ ಮಾತು. ‘ಸಂಘರ್ಷ’ ಎಂಬ ಪದವನ್ನು ಮಕ್ಕಳು ಪಠ್ಯಪುಸ್ತಕದ ಹೊರಗೆ ಎಂದೂ ಬಳಸಿದವರಲ್ಲ. ಮನೆಯಲ್ಲಿ ಆಡುವ ಮಾತು ಹೇಳಿ ಎಂದಾಗ ಕಪ್ಪು ಹಲಗೆ ತುಂಬಿತು: ಜಗಳ, ತಂಟೆ, ತಕರಾರು, ವ್ಯಾಜ್ಯ, ಹಟ, ಸಿಟ್ಟು, ಮನಸ್ತಾಪ, ಬಡಿದಾಟ. ಒಂದೊಂದು ಪದಕ್ಕೂ ಒಂದೊಂದು ಚಿತ್ರವಿದೆ ಎಂಬುದು ಆಗಲೇ ಗೊತ್ತಾದದ್ದು. ತಕರಾರು ಎಂದರೆ ಹೊಲದ ಬದು. ವ್ಯಾಜ್ಯ ಎಂದರೆ ಕಾಗದದ ಕಟ್ಟು, ಬಸ್ಸಿನ ಟಿಕೇಟು, ವಕೀಲರ ಮನೆಯ ಕಟ್ಟೆ. ಮನಸ್ತಾಪಕ್ಕಂತೂ ಚಿತ್ರವೇ ಕಷ್ಟ. ಅಲ್ಲಿ ಏನೂ ನಡೆಯುವುದಿಲ್ಲ, ಇಬ್ಬರು ಮಾತಾಡದೆ ಒಂದೇ ಓಣಿಯಲ್ಲಿ ಓಡಾಡುತ್ತಿರುತ್ತಾರೆ ಅಷ್ಟೆ. ಟ್ಯಾಂಕು ಹೊಂದುವುದು ಬಹುಶಃ ಬಡಿದಾಟಕ್ಕೆ ಮಾತ್ರ.

ಎರಡನೇ ವಾರ ಮೇಣಬಸದಿ. ಬಾದಾಮಿಯ ಮೊದಲನೇ ಗುಹೆಯಲ್ಲಿ ಮಹಿಷಮರ್ದಿನಿಯ ಶಿಲ್ಪವಿದೆ. ದೇವಿ ಕೋಣವನ್ನು ಬಾಲ ಹಿಡಿದು ಎತ್ತಿ ತ್ರಿಶೂಲದಿಂದ ಇರಿದಿದ್ದಾಳೆ. ಕೋಣ ಬರೀ ಕೋಣವಾಗಿಯೇ ಇದೆ. ಅದಕ್ಕೆ ಮನುಷ್ಯನ ಮುಖವಿಲ್ಲ, ಎದುರಿಸುವ ಕೈಯಿಲ್ಲ. ಕಾದಾಟ ಮುಗಿದಿದೆ, ಉಳಿದಿರುವುದು ಫಲಿತಾಂಶ. ಇದರ ಪಕ್ಕದಲ್ಲಿ ಮಹಾಬಲಿಪುರದ ಮಹಿಷಮರ್ದಿನಿ ಗುಹೆಯ ಉಬ್ಬುಶಿಲ್ಪದ ಫೋಟೋ ಇಟ್ಟೆವು. ಅದು 7ನೇ ಶತಮಾನದ್ದು, ಪಲ್ಲವರದು. ಅಲ್ಲಿ ಸಿಂಹದ ಮೇಲೆ ಕುಳಿತ ದೇವಿ ಬಿಲ್ಲೆಳೆದು ನುಗ್ಗುತ್ತಿದ್ದಾಳೆ. ಎದುರಿಗೆ ಮಹಿಷ ಕೋಣದ ತಲೆ ಹೊತ್ತ ಆಜಾನುಬಾಹು ಮನುಷ್ಯನಾಗಿ ನಿಂತಿದ್ದಾನೆ, ಕೈಯಲ್ಲಿ ಗದೆಯಿದೆ, ಅವನ ಕಡೆಯೂ ಸೈನ್ಯವಿದೆ. ಮೈ ಹಿಂದಕ್ಕೆ ವಾಲಿದೆ, ಆದರೆ ಬಿದ್ದಿಲ್ಲ. ಸೋಲುವವನು ಯಾರೆಂದು ಎಲ್ಲರಿಗೂ ಗೊತ್ತು, ಶಿಲ್ಪಿಗೂ ಗೊತ್ತು. ಆದರೂ ಆತ ಆರಿಸಿಕೊಂಡಿದ್ದು ತೀರ್ಮಾನವಾಗದ ಕ್ಷಣವನ್ನು. ಕಥೆ ಒಂದೇ. ಒಬ್ಬ ಶಿಲ್ಪಿ ಶತ್ರುವನ್ನು ಪಶುವಾಗಿ ಕಂಡ, ಇನ್ನೊಬ್ಬ ಎದುರಾಳಿಯಾಗಿ ಕಂಡ.

ಮೂರನೇ ಗುಹೆ 578ರಲ್ಲಿ ಮಂಗಳೇಶ ಮಾಡಿಸಿದ್ದು. ಅಲ್ಲಿನ ನರಸಿಂಹ ನಮಗೆ ಕ್ಯಾಲೆಂಡರುಗಳಲ್ಲಿ ಪರಿಚಯವಾದವನಲ್ಲ. ತೊಡೆಯ ಮೇಲೆ ಹಿರಣ್ಯಕಶಿಪು ಇಲ್ಲ, ಬಗೆದ ಹೊಟ್ಟೆಯಿಲ್ಲ, ಕರುಳಿನ ಮಾಲೆಯಿಲ್ಲ. ಆತ ಸುಮ್ಮನೆ, ಬಹಳ ನಿರಾಳವಾಗಿ ನಿಂತಿದ್ದಾನೆ. ಕೊಲ್ಲುವ ಶಕ್ತಿ ಇರುವವನನ್ನು ಕೊಲ್ಲದ ಕ್ಷಣದಲ್ಲಿ ತೋರಿಸಿದರೆ ಭಯ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಅದೇ ಗುಹೆಯ ತ್ರಿವಿಕ್ರಮನದು ಇನ್ನೊಂದು ದಾರಿ. ಆಕಾಶಕ್ಕೆ ಚಾಚಿದ ಕಾಲು ಕಣ್ಣು ತುಂಬುತ್ತದೆ ನಿಜ. ಆದರೆ ಕೆಳಗೆ, ಸಣ್ಣ ಅಳತೆಯಲ್ಲಿ, ಕೊಡೆ ಹಿಡಿದ ವಾಮನ ಬಲಿಯಿಂದ ದಾನ ಪಡೆಯುತ್ತಿದ್ದಾನೆ. ಇನ್ನೊಂದು ಆಕೃತಿ ತ್ರಿವಿಕ್ರಮನ ಕಾಲನ್ನು ತಬ್ಬಿ ಹಿಡಿದಿದೆ. ಕೇಳಿದ್ದು, ಕೊಟ್ಟದ್ದು, ತುಳಿದದ್ದು, ಬೇಡಿಕೊಂಡದ್ದು ಎಲ್ಲವೂ ಒಂದೇ ಚೌಕಟ್ಟಿನಲ್ಲಿವೆ. ಗೆಲುವಿನ ಚಿತ್ರದೊಳಗೇ ಗೆಲುವಿನ ಲೆಕ್ಕಪತ್ರವೂ ಇದೆ.

ಚಾಲುಕ್ಯರನ್ನು ಮತ್ತು ಪಲ್ಲವರನ್ನು ಎದುರುಬದುರು ಇಟ್ಟದ್ದಕ್ಕೆ ಕಾರಣವಿತ್ತು. ಐಹೊಳೆಯ ಮೇಗುತಿ ಬಸದಿಯ ಗೋಡೆಯ ಮೇಲೆ 634ರಲ್ಲಿ ರವಿಕೀರ್ತಿ ಇಮ್ಮಡಿ ಪುಲಕೇಶಿಯ ವಿಜಯಗಳನ್ನು ಸಂಸ್ಕೃತದಲ್ಲಿ ಕೊಂಡಾಡಿದ. ಸುಮಾರು ಎಂಟೇ ವರ್ಷಗಳಲ್ಲಿ, 642ರಲ್ಲಿ, ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದು ಅಲ್ಲಿನ ಬಂಡೆಯ ಮೇಲೆ ತನ್ನ ಶಾಸನ ಕೊರೆಸಿದ. ಮುಂದೆ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಆದರೆ ಅಲ್ಲಿನ ಕೈಲಾಸನಾಥ ದೇವಾಲಯದ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟೆನೆಂದು ಅದೇ ಗುಡಿಯಲ್ಲಿ ಕನ್ನಡ ಶಾಸನ ಹಾಕಿಸಿದ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯ ಸೋತವರ ಊರಿನ ಆ ಕೈಲಾಸನಾಥವನ್ನೇ ಹೋಲುತ್ತದೆ. ಶತ್ರುಗಳು ನೂರು ವರ್ಷ ಕಾದಾಡುತ್ತ ಒಬ್ಬರ ಕಲೆಯನ್ನು ಇನ್ನೊಬ್ಬರು ಕಲಿತರು. ಹಾಳೆಯ ನಡುವೆ ಗೆರೆ ಎಳೆದು ಆಚೆ ಈಚೆ ಮಾಡಿದರೆ ಈ ಸಂಗತಿಗೆ ಜಾಗವೇ ಇರುವುದಿಲ್ಲ.

ಇಷ್ಟಾದರೂ ಇವೆಲ್ಲ ಅರಸರು ಮಾಡಿಸಿದ ಚಿತ್ರಗಳು. ಅರಸರು ಮಾಡಿಸದ ಚಿತ್ರವೂ ಇಲ್ಲೇ ಇದೆ, ಆದರೆ ಅದು ಕಲ್ಲಿನಲ್ಲಿಲ್ಲ, ಬಾಯಲ್ಲಿದೆ. ಶಾಸನಗಳು ಆರ್ಯಪುರ, ಅಯ್ಯಾವೊಳೆ ಎಂದು ಕರೆಯುವ ಐಹೊಳೆಗೆ ಜನ ತಮ್ಮದೇ ಹೆಸರಿನ ಕಥೆ ಕಟ್ಟಿಕೊಂಡಿದ್ದಾರೆ. ಪರಶುರಾಮ ಕ್ಷತ್ರಿಯರನ್ನು ಕೊಂದು ಬಂದು ರಕ್ತದ ಕೊಡಲಿಯನ್ನು ಮಲಪ್ರಭೆಯಲ್ಲಿ ತೊಳೆದನಂತೆ. ನೀರು ಕೆಂಪಾಯಿತು. ಹೊಳೆಗೆ ಬಂದಿದ್ದ ಹೆಣ್ಣುಮಗಳೊಬ್ಬಳು ಅದನ್ನು ಕಂಡು ‘ಅಯ್ಯೋ ಹೊಳಿ!’ ಎಂದಳಂತೆ. ಊರಿಗೆ ಉಳಿದದ್ದು ಪರಶುರಾಮನ ಹೆಸರಲ್ಲ, ಅವಳ ಉದ್ಗಾರ. ಅವಳು ಯುದ್ಧ ನೋಡಿಲ್ಲ. ಸತ್ತವರು ಯಾರು, ಕೊಂದವನಿಗಿದ್ದ ಕಾರಣವೇನು, ಅವಳಿಗೆ ತಿಳಿಯದು. ಮನೆಗೆ ಒಯ್ಯಬೇಕಾದ ನೀರು ಕೆಂಪಾದದ್ದಷ್ಟೇ ಗೊತ್ತು. ಮಕ್ಕಳ ಚಿತ್ರಗಳಲ್ಲಿ ಇಲ್ಲದ ಜಾಗ ಇದೇ: ಹೊಳೆಯ ಕೆಳದಂಡೆ.

ಅಲ್ಲಿ ನಿಂತು ನೋಡತೊಡಗಿದರೆ ಈ ಜಿಲ್ಲೆಯ ಸಾಹಿತ್ಯವೇ ಬೇರೆಯಾಗಿ ಕಾಣುತ್ತದೆ. ಮುಧೋಳದ ರನ್ನ ‘ಗದಾಯುದ್ಧ’ದಲ್ಲಿ ಭೀಮನನ್ನು ನಾಯಕನನ್ನಾಗಿಸಿ ಅವನಲ್ಲಿ ತನ್ನ ಒಡೆಯ ಸತ್ಯಾಶ್ರಯನನ್ನು ಕಂಡ. ಆದರೆ ಕಾವ್ಯದ ಎದೆ ಮಿಡಿಯುವುದು ದುರ್ಯೋಧನ ಸಂಜಯನೊಡನೆ ರಣರಂಗದಲ್ಲಿ ಹೆಣಗಳ ನಡುವೆ ನಡೆಯುವಾಗ. ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ. ಶತ್ರುಪಕ್ಷದ ಹುಡುಗ ಅಭಿಮನ್ಯುವಿನ ಶವದ ಮುಂದೆಯೂ ಅವನು ಕೈ ಮುಗಿಯುತ್ತಾನೆ. ರನ್ನ ಇಡೀ ಭಾರತವನ್ನು ಹಿಂತಿರುಗಿ ನೋಡುವ ಸಿಂಹಾವಲೋಕನ ಕ್ರಮದಲ್ಲಿ ಹೇಳಿದ ಎಂದು ವಿದ್ಯಾರ್ಥಿಗಳೆಲ್ಲ ಪರೀಕ್ಷೆಯಲ್ಲಿ ಬರೆಯುತ್ತಾರೆ. ಅದೊಂದು ಕಥನ ತಂತ್ರ ಮಾತ್ರವಲ್ಲ. ಯುದ್ಧದ ಅರ್ಥ ಯುದ್ಧ ಮುಗಿದ ಮೇಲೆ, ಹೆಣಗಳ ಹೆಸರು ಗುರುತಿಸುವವನಿಗೆ ಗೊತ್ತಾಗುತ್ತದೆ ಎಂಬ ತಿಳಿವಳಿಕೆ ಅದು.

ಅದೇ ಮುಧೋಳ ಸೀಮೆಯ ಹಲಗಲಿಯ ಬೇಡರು 1857ರಲ್ಲಿ ಬ್ರಿಟಿಷರ ನಿಶ್ಶಸ್ತ್ರೀಕರಣ ಕಾಯ್ದೆಗೆ ಮಣಿಯದೆ ಆಯುಧ ಒಪ್ಪಿಸಲು ನಿರಾಕರಿಸಿದರು. ಆ ನವೆಂಬರಿನಲ್ಲಿ ಸೈನ್ಯ ಬಂದು ಊರನ್ನು ಸುಟ್ಟಿತು. ಅದನ್ನು ಹಾಡಿದ ಲಾವಣಿ ಶಾಲೆಯ ಪಠ್ಯದಲ್ಲೂ ಬಂದಿದೆ. ಅದರಲ್ಲಿ ವೀರರ ಹೆಸರುಗಳಿವೆ, ಗುಂಡಿನ ಮಳೆಯಿದೆ. ಆದರೆ ನನ್ನನ್ನು ಪ್ರತಿ ಸಲವೂ ತಡೆದು ನಿಲ್ಲಿಸುವುದು ಸೈನಿಕರು ಲೂಟಿ ಮಾಡಿದ ಸಾಮಾನುಗಳ ಪಟ್ಟಿ. ಒಕ್ಕಲುತನದ ಸಲಕರಣೆ, ಅಡುಗೆಮನೆಯ ದಿನಸಿ, ಪಾತ್ರೆ, ಕೊರಳ ತಾಳಿ, ಕೊನೆಗೆ ಬೀಸುವ ಕಲ್ಲನ್ನೂ ಬಿಟ್ಟಿಲ್ಲ. ಬೀಸುವ ಕಲ್ಲನ್ನು ಹೊತ್ತೊಯ್ದವರ ಬಗ್ಗೆ ಹೆಚ್ಚಿಗೆ ಏನು ಹೇಳಬೇಕು? ಹಾಡುಗಾರ ಏನೂ ಹೇಳುವುದಿಲ್ಲ, ಎಣಿಸುತ್ತಾನೆ ಅಷ್ಟೆ.

ಇಷ್ಟನ್ನು ಓದಿ ನೋಡಿದ ಮೇಲೆ ನಾವು ಗೆರ್ನಿಕಾಗೆ ಬಂದೆವು. 1937ರ ಏಪ್ರಿಲ್ 26ರಂದು ಜರ್ಮನ್ ಮತ್ತು ಇಟಾಲಿಯನ್ ವಿಮಾನಗಳು ಸ್ಪೇನಿನ ಆ ಪಟ್ಟಣದ ಮೇಲೆ ಬಾಂಬು ಸುರಿದವು. ಅದೇ ವರ್ಷ ಪಿಕಾಸೋ ಸುಮಾರು ಎಂಟು ಮೀಟರ್ ಅಗಲದ ಚಿತ್ರ ಬರೆದ. ಈಗ ಮಕ್ಕಳಿಗೆ ಹೇಳಿಕೊಡಬೇಕಾದದ್ದು ಕಡಿಮೆಯಿತ್ತು. ವಿಮಾನ ಎಲ್ಲಿದೆ ಹುಡುಕಿ ಎಂದೆವು. ಹುಡುಕಿದರು. ಕುದುರೆ ಸಿಕ್ಕಿತು, ಗೂಳಿ ಸಿಕ್ಕಿತು, ಬಲ್ಬು ಸಿಕ್ಕಿತು, ಸತ್ತ ಕೂಸನ್ನು ಹಿಡಿದು ಬಾಯಿ ತೆರೆದ ತಾಯಿ ಸಿಕ್ಕಳು. ವಿಮಾನ ಸಿಗಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, ‘ಸರ, ಇದನ್ನ ಬರದಾಂವ ಹೊಳಿ ಕೆಳಗ ನಿಂತಾನ್ರಿ’ ಎಂದ. ಪಿಕಾಸೋ ಬಗ್ಗೆ ನಾನು ಕೇಳಿದ ಒಳ್ಳೆಯ ಟೀಕೆಗಳಲ್ಲಿ ಇದೂ ಒಂದು.

ಆದರೆ ಈ ವಾದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ಎತ್ತಿದವರು ಡ್ರಾಯಿಂಗ್ ಮಾಸ್ತರರೇ. ಎಲ್ಲರೂ ಕೆಳದಂಡೆಯಲ್ಲಿ ನಿಂತು ಅಯ್ಯೋ ಎಂದರೆ ಕೊಡಲಿ ಹಿಡಿದವನನ್ನು ಕೇಳುವವರು ಯಾರು? ನೋವನ್ನಷ್ಟೇ ಬರೆಯುವ ಚಿತ್ರ ಕೊಂದವನನ್ನೂ ಸತ್ತವನನ್ನೂ ಒಂದೇ ಕಣ್ಣೀರಿನಲ್ಲಿ ತೊಳೆದುಬಿಡುವುದಿಲ್ಲವೇ? ಇದು ಸಣ್ಣ ಮಾತಲ್ಲ. ಮೂಲೆಯ ಬಿಳಿ ಪಾರಿವಾಳ ಮಾಡುವ ಕೆಲಸವೂ ಇದೇ. ಯಾರ ಮೇಲೂ ತಪ್ಪಿಲ್ಲ, ಎಲ್ಲರೂ ಚೆನ್ನಾಗಿರಲಿ. ಅನ್ಯಾಯಕ್ಕೆ ಒಳಗಾದವರಿಗೆ ಇಂಥ ಶಾಂತಿ ಅಪಮಾನದಂತೆ ಕೇಳಿಸಬಹುದು. ಹಲಗಲಿ ಲಾವಣಿ ಬೀಸುವ ಕಲ್ಲನ್ನು ಎಣಿಸುತ್ತದೆ, ಆದರೆ ಅದನ್ನು ಒಯ್ದವರು ಯಾರೆಂಬುದನ್ನೂ ಮರೆಸುವುದಿಲ್ಲ.

ಇದಕ್ಕೆ ಉತ್ತರ ಮಕ್ಕಳ ಊರದೇವಿಯ ಕಥೆಯಲ್ಲೇ ಇತ್ತು. ಬನಶಂಕರಿ ಎಂದರೆ ಶಾಕಂಭರಿ. ದೇವೀಭಾಗವತದ ಕಥೆಯ ಪ್ರಕಾರ ದುರ್ಗಮಾಸುರನ ದೆಸೆಯಿಂದ ನೂರು ವರ್ಷ ಮಳೆಯಿಲ್ಲದೆ ಬರ ಬಿತ್ತು. ದೇವಿ ಮೈತುಂಬ ಕಣ್ಣುಗಳಾಗಿ ಬಂದು ಒಂಬತ್ತು ರಾತ್ರಿ ಅತ್ತಳು, ಆ ಕಣ್ಣೀರೇ ನೀರಾಯಿತು. ಆಮೇಲೆ ತನ್ನ ಮೈಯಿಂದಲೇ ಕಾಯಿಪಲ್ಲೆ ಕೊಟ್ಟು ಹಸಿದವರಿಗೆ ಉಣಿಸಿದಳು. ಅಸುರನೊಡನೆ ಕಾದಿದ್ದು ಅದೆಲ್ಲ ಆದ ನಂತರ. ಮೊದಲು ಕಣ್ಣು, ಆಮೇಲೆ ಅನ್ನ, ಕೊನೆಗೆ ಆಯುಧ. ಈ ಕ್ರಮವೇ ಕಥೆಯ ತಿರುಳು ಎಂದು ನನಗನ್ನಿಸುತ್ತದೆ. ಗರ್ಭಗುಡಿಯಲ್ಲಿ ಸಿಂಹದ ಮೇಲಿನ ಎಂಟು ಕೈಯ ದೇವಿ ಅಸುರನನ್ನು ಮೆಟ್ಟಿದ್ದಾಳೆ. ಹೊರಗೆ ಜಾತ್ರೆಯ ಹೊತ್ತಿಗೆ ಪಲ್ಯದ ಹಬ್ಬದಲ್ಲಿ ಅದೇ ದೇವಿಗೆ 108 ಬಗೆಯ ಪಲ್ಯದ ನೈವೇದ್ಯ. ಶಿಲ್ಪ ಕೊನೆಯ ಕ್ಷಣವನ್ನು ಹಿಡಿದಿದೆ, ಹಬ್ಬ ನಡುವಿನ ಕ್ಷಣವನ್ನು ಉಳಿಸಿಕೊಂಡಿದೆ. ತರಗತಿಯ ಮಕ್ಕಳಲ್ಲಿ ಬನಶಂಕರಿಯನ್ನು ಬರೆದವರು ಹಲವರಿದ್ದರು. ಎಲ್ಲರ ಹಾಳೆಯಲ್ಲೂ ತ್ರಿಶೂಲವಿತ್ತು, ಒಬ್ಬರ ಹಾಳೆಯಲ್ಲೂ ಪಲ್ಯವಿರಲಿಲ್ಲ. ಬೆಳವಲದ ಬರ ಕಂಡ ಮನೆಗಳ ಮಕ್ಕಳಿವರು.

ಇನ್ನೊಂದು ಉತ್ತರ ಅದೇ ಜಾತ್ರೆಯಲ್ಲಿದೆ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ಅಲ್ಲಿ ವೃತ್ತಿ ನಾಟಕ ಕಂಪನಿಗಳ ಥಿಯೇಟರುಗಳು ನಿಂತಿರುತ್ತವೆ. ಅಣ್ಣ ತಮ್ಮಂದಿರ ಆಸ್ತಿ, ಅತ್ತೆ ಸೊಸೆಯ ಹಟ, ಗೌಡನ ದರ್ಪ. ಕಂಪನಿ ನಾಟಕವನ್ನು ನಾವು ಸಾಹಿತ್ಯದವರು ಸುಲಭವಾಗಿ ಕೆಳಗಿಟ್ಟು ಮಾತಾಡುತ್ತೇವೆ. ಆದರೆ ಅದರಲ್ಲಿ ಖಳನಿಗೂ ಮಾತಿದೆ, ಎಷ್ಟೋ ಸಲ ಅವನ ಮಾತಿಗೇ ಹೆಚ್ಚು ಚಪ್ಪಾಳೆ. ಅವನ ವಾದವನ್ನು ಪೂರ್ತಿ ಕೇಳಿಸಿಕೊಂಡೇ ಪ್ರೇಕ್ಷಕ ಅವನನ್ನು ತಪ್ಪಿತಸ್ಥ ಎನ್ನುತ್ತಾನೆ. ಮಾತು ಕೊಡುವುದೂ ತೀರ್ಪು ಕೊಡುವುದೂ ಒಂದಕ್ಕೊಂದು ವಿರೋಧವಲ್ಲ ಎಂಬುದನ್ನು ಆ ರಂಗಸ್ಥಳ ಯಾವ ಸಿದ್ಧಾಂತವೂ ಇಲ್ಲದೆ ಕಲಿಸಿಬಿಡುತ್ತದೆ.

ಹಾಗಾಗಿ ಅಂತಿಮ ಚಿತ್ರಕ್ಕೆ ನಾವು ಮೂರೇ ಕರಾರು ಹಾಕಿದೆವು. ನೀವು ಕಣ್ಣಾರೆ ಕಂಡ ಜಗಳವಾಗಿರಬೇಕು. ಆಯುಧ ಇರಬಾರದು, ಜಗಳ ಯಾವುದಕ್ಕಾಗಿಯೋ ಆ ವಸ್ತು ಇರಬೇಕು. ಎದುರಿನವರು ಹಾಳೆಯಲ್ಲಿ ಎಲ್ಲಾದರೂ ಇರಬೇಕು, ಮತ್ತು ಅವರಿಗೆ ಮುಖವಿರಬೇಕು. ಬಣ್ಣ, ಇದ್ದಿಲು, ಹಳೆಯ ಪತ್ರಿಕೆ, ಸೀರೆಯ ತುಂಡು, ಯಾವುದನ್ನಾದರೂ ಬಳಸಬಹುದು.

ಬಂದ ಚಿತ್ರಗಳೆಲ್ಲ ಚೆನ್ನಾಗಿದ್ದವು ಎಂದರೆ ಸುಳ್ಳಾದೀತು. ಕೆಲವರು ಕ್ರಿಕೆಟ್ ಬ್ಯಾಟಿನ ಜಗಳ ಬರೆದು ಮುಗಿಸಿದರು. ಒಬ್ಬ ನಳದ ಮುಂದಿನ ಕೊಡಗಳ ಸಾಲನ್ನಷ್ಟೇ ಬರೆದಿದ್ದ. ಕೊಡಗಳಿಗೇ ಮುಖ ಬರೆದು ಕರಾರನ್ನು ತನ್ನದೇ ರೀತಿಯಲ್ಲಿ ಪೂರೈಸಿದ್ದ. ಇನ್ನೊಬ್ಬ ಬಾಗಲಕೋಟೆಯ ಅಜ್ಜಿಯ ಮನೆ ಬರೆದಿದ್ದ. ಆಲಮಟ್ಟಿ ಹಿನ್ನೀರಿನಿಂದ ಮುಳುಗಡೆಯಾಗಿ ನವನಗರಕ್ಕೆ ಹೋದ ಕುಟುಂಬ ಅದು. ಎದುರಿನವರು ಎಲ್ಲಿ ಎಂದು ಮಾಸ್ತರರು ಕೇಳಿದ್ದಕ್ಕೆ ಅವನು ನೀರಿನ ಆಚೆ ಹಸಿರು ಹೊಲದಲ್ಲಿ ನಿಂತ ಒಬ್ಬ ರೈತನನ್ನು ತೋರಿಸಿದ. ಆ ರೈತ ನಗುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಒಬ್ಬರ ಮನೆ ಮುಳುಗಿದ್ದಕ್ಕೂ ಇನ್ನೊಬ್ಬರ ಹೊಲಕ್ಕೆ ನೀರು ಬಂದದ್ದಕ್ಕೂ ಇರುವ ಸಂಬಂಧವನ್ನು ಇಷ್ಟು ಸಿಟ್ಟಿಲ್ಲದೆ ಹೇಳುವುದು ದೊಡ್ಡವರಿಗೂ ಕಷ್ಟ.

ಒಬ್ಬ ಹುಡುಗಿಯ ಹಾಳೆಯಲ್ಲಿ ಒಂದೇ ಅಡುಗೆಮನೆಯಿತ್ತು, ಎರಡು ಒಲೆಗಳಿದ್ದವು. ನಡುವೆ ಗೋಡೆಯಿಲ್ಲ, ಹಳೆಯ ಸೀರೆಯ ತುಂಡು ಅಂಟಿಸಿ ಮಾಡಿದ ಪರದೆ. ಆಚೆ ಒಬ್ಬ ಹೆಂಗಸು, ಈಚೆ ಒಬ್ಬಳು, ಇಬ್ಬರೂ ರೊಟ್ಟಿ ಬಡಿಯುತ್ತಿದ್ದಾರೆ. ಇಬ್ಬರ ಮುಖವೂ ಪರದೆಯ ಕಡೆಗೇ ತಿರುಗಿದೆ, ಆಚೆಯ ಸದ್ದು ಕೇಳಿಸಿಕೊಳ್ಳುವವರ ಹಾಗೆ. ಇದನ್ನು ಪ್ರದರ್ಶನದ ಗೋಡೆಗೆ ಹಾಕುವಾಗ ಶಾಲೆಯಲ್ಲಿ ಚರ್ಚೆಯಾಯಿತು. ಮನೆಯ ಮಾತು ಊರ ಮುಂದೆ ಯಾಕೆ, ಪಾಲಕರು ಬಂದು ನೋಡುತ್ತಾರಲ್ಲ ಎಂದು ಹಿರಿಯ ಶಿಕ್ಷಕರೊಬ್ಬರು ಆತಂಕಪಟ್ಟರು. ಆ ಆತಂಕ ಸುಳ್ಳಲ್ಲ. ಗಡಿಯ ಯುದ್ಧ ಬರೆದ ಮಗುವನ್ನು ಮನೆಯಲ್ಲಿ ಯಾರೂ ಗದರಿಸುವುದಿಲ್ಲ, ಎರಡು ಒಲೆ ಬರೆದ ಮಗುವಿಗೆ ಆ ಭದ್ರತೆ ಇಲ್ಲ. ಶಾಲೆಗಳು ಟ್ಯಾಂಕನ್ನೂ ಪಾರಿವಾಳವನ್ನೂ ಇಷ್ಟಪಡುವುದರ ಗುಟ್ಟು ಇಲ್ಲಿದೆ. ಅವು ಯಾರ ಮನೆಯವೂ ಅಲ್ಲ. ಕೊನೆಗೆ ಹುಡುಗಿಯನ್ನೇ ಕೇಳಿದೆವು. ಅವಳು ಸ್ವಲ್ಪ ಹೊತ್ತು ಯೋಚಿಸಿ, ‘ಹೆಸರ ಬ್ಯಾಡ್ರಿ ಸರ, ಚಿತ್ರ ಇರ್ಲ್ರಿ’ ಎಂದಳು. ಹಾಗಾಗಿ ಇಡೀ ಪ್ರದರ್ಶನದಲ್ಲಿ ಯಾರ ಚಿತ್ರದ ಕೆಳಗೂ ಹೆಸರು ಹಾಕಲಿಲ್ಲ. ಒಬ್ಬಳ ಹೆಸರು ಮಾತ್ರ ಬಿಟ್ಟರೆ ಅದೇ ಅವಳನ್ನು ತೋರಿಸಿಕೊಡುತ್ತಿತ್ತು.

ಸಂಘರ್ಷವನ್ನು ಕುರಿತ ಕಲೆ ಸಂಘರ್ಷವನ್ನು ನಿವಾರಿಸುತ್ತದೆ ಎಂದು ನಾನು ನಂಬುವುದಿಲ್ಲ. ಎರಡು ಒಲೆಗಳು ಈಗಲೂ ಎರಡಾಗಿಯೇ ಇರಬಹುದು. ಕಲೆಯ ಕೆಲಸ ಅದಕ್ಕಿಂತ ಸಣ್ಣದು, ಅಷ್ಟೇ ಕಷ್ಟದ್ದು: ನೋಡುವವರನ್ನು ಆಕಾಶದಿಂದ ಇಳಿಸಿ ನೆಲದ ಮೇಲೆ ಒಂದು ಗೊತ್ತಾದ ಜಾಗದಲ್ಲಿ ನಿಲ್ಲಿಸುವುದು. ಅಲ್ಲಿಂದ ಕೆಂಪಾದ ನೀರೂ ಕಾಣಬೇಕು, ನೀರು ಹರಿದು ಬಂದ ದಿಕ್ಕೂ ಕಾಣಬೇಕು. ಬಾದಾಮಿಯ ಶಿಲ್ಪಿಗಳಿಂದ ಲಾವಣಿಕಾರರವರೆಗೆ ಈ ಸೀಮೆಯ ಕಲಾವಿದರು ಅಂಥ ಹಲವು ಜಾಗಗಳನ್ನು ಗುರುತಿಸಿಟ್ಟು ಹೋಗಿದ್ದಾರೆ. ಮುಂದಿನ ಸಲ ಮಗುವೊಂದು ಟ್ಯಾಂಕು ಬರೆದು ತಂದರೆ ತಿದ್ದುವ ಅಗತ್ಯವಿಲ್ಲ. ಈ ಟ್ಯಾಂಕು ಬರುವ ದಾರಿಯಲ್ಲಿ ಯಾರ ಅಡುಗೆಮನೆ ಇದೆ ಎಂದು ಕೇಳಿದರೆ ಸಾಕು.